ಕೆಂಪು ದಾರದ ಡಬ್ಬಿ

೧೯೪೩ರ ಮಾರ್ಚ್ ೧೬, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಗಂಗಾವತಿ ಠಾಣೆಯ ದಫ್ತರಿನಲ್ಲಿ ಇದೇ ದಿನ ಫಸಲಿ ಲೆಕ್ಕದಲ್ಲಿ ಬರೆದಿದೆ. ನಿಜಾಮ ಸರ್ಕಾರದ ಪದ್ಧತಿ ಅದು. ನಾವು ಊರವರ ಲೆಕ್ಕದಲ್ಲೇ ಹೇಳೋಣ.

ಸಿದ್ದಾಪುರದ ರೈತ ಅಮರಪ್ಪ ಠಾಣೆಯ ಕಟ್ಟೆ ಹತ್ತಿ ಬಂದು ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. ಒಳಗೆ ಅಮೀನ ಹುಸೇನಬಾಷಾ ಕುಳಿತಿದ್ದರು. ಆ ಸೀಮೆಯಲ್ಲಿ ಠಾಣೆಯ ದೊಡ್ಡ ಅಧಿಕಾರಿಗೆ ಅಮೀನರೆಂದೇ ಹೆಸರು. ಪಕ್ಕದಲ್ಲಿ ಬರೆಯಲು ಕುಳಿತವನು ದಫೇದಾರ ಕನಕಪ್ಪ. ಕನಕಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ಸಿಟ್ಟಿನಿಂದಾಗಿಯೇ ಹದಿನೆಂಟು ವರ್ಷದ ನೌಕರಿಯಲ್ಲಿ ಒಂದೇ ಒಂದು ಬಡ್ತಿ ಸಿಕ್ಕಿತ್ತು.

"ಮೊಮ್ಮಗ ತೀರ್ಕೊಂಡಾನ್ರಿ. ಸೊಸಿ ವಿಷ ಹಾಕ್ಯಾಳ್ರಿ," ಅಂದ ಅಮರಪ್ಪ.

"ಕೂಸಿಗೆ ಎಷ್ಟು ದಿನ?" ಅಮೀನರು ಕೇಳಿದರು.

"ಐದು ತಿಂಗಳ್ರಿ."

"ವಿಷ ಅಂತ ಯಾರು ಹೇಳಿದ್ರು?"

"ದವಾಖಾನಿ ಡಾಕ್ಟರ್ರು. ತಾಯಿ ಹಾಲು ಬಿಟ್ರ ಕೂಸು ನೀರು ಸೈತ ಮುಟ್ಟಿಲ್ರಿ. ಆಕಿ ಹಾಕದ ಮತ್ತ ಯಾರು ಹಾಕ್ಯಾರು?"

ಅಮೀನರು ಎಫ್.ಐ.ಆರ್. ಬರೆಸಿಕೊಂಡರು. ಮಧ್ಯಾಹ್ನ ಶವಪರೀಕ್ಷೆಯ ಚೀಟಿ ಬಂತು. ಕೂಸಿನ ನೆತ್ತಿ ಉಬ್ಬಿದೆ, ಮೈ ಬಿಳಿಚಿದೆ, ಸೆಟೆದು ಸೆಟೆದು ಸತ್ತಿದೆ. ಹೊಟ್ಟೆಗೆ ಸೀಸ ಹೋದ ಲಕ್ಷಣ. ಒಂದೇ ದಿನ ಹೋದದ್ದಲ್ಲ, ವಾರಗಟ್ಟಲೆ ಹೋಗಿದೆ. ಹಾಲು ಕುಡಿದ ಮಕ್ಕಳೇ ಬದುಕುವುದಿಲ್ಲ, ವಿಷ ಕುಡಿದ ಮಕ್ಕಳು ಬದುಕುತ್ತವೆಯೇ ಎಂದು ಗಾದೆ ಹೇಳುತ್ತಾರೆ. ಇಲ್ಲಿ ಹಾಲೇ ವಿಷವಾಗಿತ್ತು. ತಾಯಿಯ ಕುತ್ತಿಗೆಗೆ ಹಗ್ಗ ಬೀಳಲು ಇಷ್ಟು ಸಾಕಾಗಿತ್ತು.

ಮೂರು ಗಂಟೆಗೆ ಸಿದ್ದಾಪುರದಲ್ಲಿ ಪಂಚನಾಮೆ. ತಾಯಿ ಪಂಪಾವತಿಗೆ ಇಪ್ಪತ್ತು ವರ್ಷವೂ ಇರಲಿಲ್ಲ. ಖಾಲಿ ತೊಟ್ಟಿಲಿನ ಪಕ್ಕ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಸೆರಗಿನ ಎದೆಯ ಭಾಗ ಹಾಲಿನಿಂದ ತೋಯ್ದಿತ್ತು. ಅಮೀನರು ಕೇಳಿದ ಯಾವುದಕ್ಕೂ ಉತ್ತರ ಕೊಡಲಿಲ್ಲ. "ನೋಡ್ರಿ, ಕಲ್ಲು ಕುಂತಂಗ ಕುಂತಾಳ. ಒಂದು ತಿಂಗಳಿಂದ ಹೊಟ್ಟಿನೋವು ಅಂತ ಕಳ್ಳಾಟ ಬ್ಯಾರೆ," ಅಂದ ಅಮರಪ್ಪ. ಕನಕಪ್ಪ ಆಕೆಯ ಪೆಟ್ಟಿಗೆಯ ಸಾಮಾನು ಒಂದೊಂದಾಗಿ ಬರೆದುಕೊಂಡ. ಸೀರೆ ಎರಡು, ಬಾಚಣಿಗೆ ಒಂದು, ಅರಿಸಿನದ ಬಟ್ಟಲು ಒಂದು. ಏಳನೆಯದು ತಗಡಿನ ಸಣ್ಣ ಡಬ್ಬಿ: 'ಚಂದ್ರಕಾಂತಿ ಬಿಸಿಲು ಮುಲಾಮು. ಹಚ್ಚಿದವರಿಗೆ ಸೂರ್ಯನೂ ಸೋಲುವನು. ತಯಾರಕರು ಉಮಾಪತಿ, ಗಂಗಾವತಿ.' ಹೆಂಗಸರ ಸಾಮಾನು ಎಂದು ಬರೆದು ಮುಂದಕ್ಕೆ ಹೋದ.

ಐದು ಗಂಟೆಗೆ ಅವರು ಗದ್ದೆಯ ಬದುವಿನ ಮೇಲೆ ಮರಳುತ್ತಿದ್ದಾಗ ಕಳೆ ಕೀಳುವ ಹೆಣ್ಣುಮಕ್ಕಳು ನೀರಿನಿಂದ ಮೇಲೆ ಬರುತ್ತಿದ್ದರು. ಮಾರ್ಚಿನ ಬಿಸಿಲು ಮೇಲಿನಿಂದ ಒಂದು ಸಲ, ಗದ್ದೆಯ ನೀರಿನಿಂದ ಇನ್ನೊಂದು ಸಲ ಸುಡುತ್ತದೆ. ಎಲ್ಲರ ಮುಖಕ್ಕೂ ಬಿಳಿ ಮುಲಾಮು ಬಳಿದಿತ್ತು. ಒಬ್ಬಾಕೆಯ ಕೆನ್ನೆಯ ಮೇಲೆ ಐದು ಬೆರಳ ಗುರುತು, ಮಸಿ ಒತ್ತಿದ ಹಾಗೆ ಕಪ್ಪಗೆ.

"ಇದೇನವ್ವಾ?" ಕನಕಪ್ಪ ಕೇಳಿದ.

"ಗದ್ದಿ ಕೊಳತ ಕೆಸರಿನ ಕೈ ತಾಗಿದಲ್ಲಿ ಮುಲಾಮು ಕರ್ರಗಾಗತೈತ್ರಿ. ತೊಳದ್ರ ಹೋಗತೈತಿ."

ಕನಕಪ್ಪ ಅಲ್ಲೇ ನಿಂತುಬಿಟ್ಟ. ಅವನ ತಾಯಿಯ ತವರು ಕಿನ್ನಾಳ, ಮರದ ಗೊಂಬೆಗೆ ಬಣ್ಣ ಬಳಿಯುವ ಚಿತ್ರಗಾರರ ಓಣಿ. ಅಲ್ಲಿ ಎರಡು ಬಗೆಯ ಬಿಳಿ ಬಣ್ಣವಿತ್ತು, ಸತುವಿನದು ಮತ್ತು ಸೀಸದ ಸಫೇದ. ಸಫೇದ ಬಳಿದ ಗೊಂಬೆಯನ್ನು ಚರಂಡಿಯ ಹತ್ತಿರ ಒಣಗಲು ಇಟ್ಟರೆ ಮುದುಕರು ಬೆನ್ನಿಗೆ ಗುದ್ದುತ್ತಿದ್ದರು. ಕೊಳೆತದ್ದರ ನಾತ ತಾಗಿದರೆ ಅದು ಕಪ್ಪಾಗುತ್ತದೆ, ಸತುವಿನದು ಆಗುವುದಿಲ್ಲ. ಸಫೇದದ ಕೈಯಲ್ಲಿ ಉಣ್ಣಲು ಕುಳಿತರೆ ಇನ್ನೊಂದು ಗುದ್ದು. ಆ ಗುದ್ದುಗಳು ಅವನಿಗೆ ಚೆನ್ನಾಗಿ ನೆನಪಿದ್ದವು.

"ಅಮೀನಸಾಹೇಬ್ರ, ಮುಲಾಮಿನ್ಯಾಗ ಸೀಸ ಐತ್ರಿ."

ಹುಸೇನಬಾಷಾ ಆತುರದ ಮನುಷ್ಯನಲ್ಲ. "ಇರಬಹುದು. ಮುಖಕ್ಕ ಹಚ್ಚಿದ್ದು ಕೂಸಿನ ಹೊಟ್ಟಿಗೆ ಹ್ಯಾಂಗ ಹೋತು? ಅದನ್ನ ಹೇಳು."

ಅದನ್ನು ಹೇಳಬೇಕಾದವಳು ಪಂಪಾವತಿ. ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಅಮೀನರು ಸೂಲಗಿತ್ತಿ ಸರ್ದಾರಬೀಯನ್ನು ಕರೆದುಕೊಂಡು ಹೋದರು. ಆ ಕೂಸನ್ನು ಹೆರಿಗೆ ಮಾಡಿಸಿದವಳು ಅವಳೇ. ಗಂಡಸರು ಹೊರಗೆ ಕಟ್ಟೆಯ ಮೇಲೆ ಕುಳಿತರು, ಸರ್ದಾರಬೀ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಆಮೇಲೆ ಬಿಕ್ಕಿ ಬಿಕ್ಕಿ ಅಳುವ ದನಿ ಕೇಳಿಸಿತು. ಸರ್ದಾರಬೀ ಹೊರಗೆ ಬಂದು ಅಮೀನರ ಮುಖ ನೋಡದೆ ಹೇಳಿದಳು.

"ಎದಿ ಒಡದಿತ್ತು ಸಾಬ್. ಕೂಸು ಬಾಯಿ ಹಾಕಿದ್ರ ರಕ್ತ ಬರ್ತಿತ್ತಂತ. ಮುಲಾಮು ತಂಪು ಅಂತ ಅಲ್ಲಿಗೂ ಹಚ್ಚಿಕೊಂಡಾಳ, ಎರಡು ತಿಂಗಳಿಂದ. ಗಂಡಸರ ಮುಂದ ಈ ಮಾತು ಹ್ಯಾಂಗ ಹೇಳ್ಯಾಳು, ನೀವ ಹೇಳ್ರಿ."

ಹೇಳಲಾಗದ ಒಂದು ಮಾತಿಗಾಗಿ ಆ ಹುಡುಗಿ ಕೊಲೆಗಾತಿಯಾಗಲು ತಯಾರಾಗಿದ್ದಳು. ಕನಕಪ್ಪ ಎದ್ದು ಅಮರಪ್ಪನ ಹತ್ತಿರ ಹೋದ.

"ಆಕಿ ಹೊಟ್ಟಿನೋವು ಕಳ್ಳಾಟ ಅಂದ್ಯಲ್ಲ, ಅದೂ ಸೀಸಾನ. ಆಕಿನ್ನ ಇವತ್ತ ದವಾಖಾನಿಗೆ ಕರಕೊಂಡು ಹೋಗು."

ಅಮರಪ್ಪ ಬಂಡಿ ಹೂಡಿದ.

೧೮ನೇ ತಾರೀಕು ಗುರುವಾರ, ಠಾಣೆಯಲ್ಲಿ ಇಬ್ಬರು ಪಂಚರ ಮುಂದೆ ಪರೀಕ್ಷೆ ನಡೆಯಿತು. ಕೊಳೆತ ತತ್ತಿಗಳನ್ನು ಒಡೆದು ಬೋಗುಣಿಗೆ ಹಾಕಿ, ಮೇಲೆ ಪಂಪಾವತಿಯ ಡಬ್ಬಿಯ ಮುಲಾಮು ಬಳಿದ ಗಾಜಿನ ತುಂಡು ಕವಿಚಿದರು. ಆ ನಾತಕ್ಕೆ ಪಹರೆಯ ಜವಾನನು ಅಪ್ಪಣೆ ಕೇಳದೆ ರಸ್ತೆಗೆ ಇಳಿದ. ಒಂದು ತಾಸಿನಲ್ಲಿ ಮುಲಾಮು ಕಂದು ಬಣ್ಣಕ್ಕೆ ತಿರುಗಿ ಮಧ್ಯಾಹ್ನದ ಹೊತ್ತಿಗೆ ಕಪ್ಪಾಯಿತು. ಪಂಚರು ಮೂಗು ಮುಚ್ಚಿಕೊಂಡೇ ಸಹಿ ಹಾಕಿದರು. ಉಳಿದ ಮುಲಾಮು ಮೊಹರು ಹಾಕಿಸಿಕೊಂಡು ಹೈದರಾಬಾದಿನ ಸರ್ಕಾರಿ ಪರೀಕ್ಷೆಗೆ ಹೊರಟಿತು.

ಎರಡು ಗಂಟೆಗೆ ಉಮಾಪತಿಯ ಅಂಗಡಿ ತಪಾಸಣೆ. ಆತ ಹಣೆ ತುಂಬ ವಿಭೂತಿ ಬಳಿದ, ನಯವಾಗಿ ಮಾತಾಡುವ ಮನುಷ್ಯ. ಅವನ ಮುಲಾಮನ್ನು ಬಳೆಗಾರರು ಕುಷ್ಟಗಿ, ಯಲಬುರ್ಗಾ, ಅಳವಂಡಿಯ ತನಕ ಹೊತ್ತು ಮಾರುತ್ತಿದ್ದರು. ಹಿಂದಿನ ಕೋಣೆಯಲ್ಲಿ ಸಫೇದದ ಪೀಪಾಯಿ ಸಿಕ್ಕಿತು.

"ಇದು ಬಾಗಲಿಗೆ ಬಳಿಯೋ ಬಣ್ಣ. ಮುಲಾಮಿಗೆ ಯಾಕ ಹಾಕಿದ್ರಿ?"

"ಸೀಸ ಅಂತ ನನಗ ಗೊತ್ತಿಲ್ರಿ. ಬಿಳಿ ಪುಡಿ ಕೇಳಿದ್ದೆ, ಸಗಟು ವ್ಯಾಪಾರಿ ಇದನ್ನ ಕೊಟ್ಟಾನ. ನಾ ಸಾಲಿ ಕಲಿತವನಲ್ಲ."

"ಸೀಸ ಅಂತ ನಾ ಇನ್ನೂ ಅಂದಿಲ್ಲಲ್ಲ," ಅಂದರು ಹುಸೇನಬಾಷಾ.

ಉಮಾಪತಿ ಒಂದು ಗಳಿಗೆ ತಡವರಿಸಿದ. "ಊರಾಗ ಎಲ್ಲಾರೂ ಅಂತಾರ್ರಿ. ಅಮರಪ್ಪನ ಸೊಸಿ ಸುದ್ದಿ ಕೇಳೀನಿ."

ಅದೂ ಸುಳ್ಳಲ್ಲ. ಗೊತ್ತಿರಲಿಲ್ಲ ಎಂಬ ಒಂದು ಮಾತು ಹಿಡಿದುಕೊಂಡೇ ಅವನು ಕೋರ್ಟು ಕಚೇರಿಯ ಮೆಟ್ಟಿಲು ಇಳಿದು ಮನೆಗೆ ಹೋಗುತ್ತಾನೆ ಎಂಬುದು ಅಮೀನರಿಗೆ ತಿಳಿದಿತ್ತು. ಆಗ ಅಪವಾದ ಮತ್ತೆ ಪಂಪಾವತಿಯ ತಲೆಗೇ ಸುತ್ತಿಕೊಳ್ಳುತ್ತದೆ, ಹಚ್ಚಿದ ಕೈ ಅವಳದೇ ತಾನೆ. ಕನಕಪ್ಪನಿಗೆ ಆ ವಿಭೂತಿ ನೋಡಿಯೇ ಮೈ ಉರಿಯುತ್ತಿತ್ತು.

ಅಂಗಡಿಯ ಹಿಂದೆಯೇ ಮನೆ. ಪಂಚರನ್ನು ಕರೆದುಕೊಂಡು ಅಲ್ಲಿಗೂ ಹೋದರು. ಉಮಾಪತಿಯ ಹೆಂಡತಿ ಪಾರ್ವತೆಮ್ಮ ಗಾಬರಿಯಾಗದೆ ಎಲ್ಲಕ್ಕೂ ಬಾಗಿಲು ತೆರೆದು ತೋರಿಸಿದಳು. ಮಗಳ ಕನ್ನಡಿ ಪೆಟ್ಟಿಗೆಯಲ್ಲಿ ಅದೇ ಚಂದ್ರಕಾಂತಿ ಡಬ್ಬಿ ಇತ್ತು. ಅದರ ಕುತ್ತಿಗೆಗೆ ಮಾತ್ರ ಕೆಂಪು ದಾರ ಕಟ್ಟಿತ್ತು. ಕನಕಪ್ಪ ಅದನ್ನು ಎತ್ತಿ ಹಿಡಿದ.

"ದಾರ ಯಾಕ ಕಟ್ಟೀರಿ ತಾಯಿ?"

"ಗುರ್ತಿಗಿ ಅಷ್ಟ ರೀ. ಕೆಂಪು ದಾರದ್ದು ಮನೀದು. ಅಂಗಡ್ಯಾಗಿನದು ಮಗಳು ಮುಟ್ಟಬಾರದು ಅಂತ ಇವರ ಹೇಳ್ಯಾರ."

"ಯಾವಾಗಿಂದ?"

"ಹೋದ ದೀಪಾವಳಿಯಿಂದ್ರಿ."

ಹೊಸ್ತಿಲಲ್ಲಿ ನಿಂತಿದ್ದ ಉಮಾಪತಿ, "ಒಳಗ ಹೋಗ ನೀ," ಅಂದ. ಅಷ್ಟು ಹೊತ್ತಿಗೆ ಪಂಚರಿಬ್ಬರೂ ಕೇಳಿಸಿಕೊಂಡಾಗಿತ್ತು. ಆ ಡಬ್ಬಿಯ ಮುಲಾಮನ್ನೂ ಅಂಗಡಿಯ ಎಂಟು ಡಬ್ಬಿಗಳದನ್ನೂ ಗಾಜಿಗೆ ಬಳಿದು ಬೇರೆ ಕೊಳೆತ ತತ್ತಿಗಳ ಮೇಲೆ ರಾತ್ರಿಯೆಲ್ಲ ಇಟ್ಟರು. ಬೆಳಿಗ್ಗೆ ಎಂಟೂ ಗಾಜು ಕಪ್ಪಾಗಿದ್ದವು. ಕೆಂಪು ದಾರದ ಡಬ್ಬಿಯ ಮುಲಾಮು ಹಾಲಿನಂತೆ ಬೆಳ್ಳಗೇ ಇತ್ತು. ೧೯ನೇ ತಾರೀಕು ಒಂಬತ್ತು ಗಂಟೆಗೆ ಉಮಾಪತಿಯನ್ನು ದಸ್ತಗಿರಿ ಮಾಡಿದರು.

ಅವನು ಕೊಟ್ಟ ಹೇಳಿಕೆ ದೊಡ್ಡದೇನಲ್ಲ. ಮೊದಲ ಮೂರು ವರ್ಷ ಸತುವಿನ ಬಿಳಿಯಲ್ಲೇ ಮಾಡಿದ್ದ, ಯಾರಿಗೂ ಏನೂ ಆಗಿರಲಿಲ್ಲ. ಲಡಾಯಿ ಬಂದು ಸತುವಿನ ಬಿಳಿ ಬರುವುದು ನಿಂತಿತು. ಒಂದು ಬೇಸಿಗೆ ಮುಲಾಮು ಸಿಗದಿದ್ದರೆ ಹೆಣ್ಣುಮಕ್ಕಳು ಮತ್ತೆ ಅರಿಸಿನಕ್ಕೇ ಹೋಗುತ್ತಾರೆ, ತನ್ನ ಡಬ್ಬಿಯನ್ನು ಮರೆಯುತ್ತಾರೆ ಎಂಬ ಅಂಜಿಕೆ ಹುಟ್ಟಿತು. ಸಫೇದ ಕೈಗೆ ಸಿಗುತ್ತಿತ್ತು. ಅದು ಒಳ್ಳೆಯದಲ್ಲವೆಂದು ಬಣ್ಣ ಮಾರುವವನೇ ಹೇಳಿದ್ದ. ಉಳಿದಿದ್ದ ಎರಡು ಸೇರು ಸತುವಿನ ಬಿಳಿಯನ್ನು ಮಗಳಿಗೆಂದು ತೆಗೆದಿಟ್ಟ. "ಹೊಲದಾಗ ದುಡಿಯೋರ ಚರ್ಮ ದಪ್ಪ ಇರತೈತಿ, ಬೆವರಿಗೆ ತೊಳದು ಹೋಗತೈತಿ ಅಂದ್ಕೊಂಡಿದ್ದೆ." ಇದನ್ನು ಬರೆದುಕೊಳ್ಳುವಾಗ ಕನಕಪ್ಪನ ಲೇಖನಿಯ ಮುಳ್ಳು ಕಾಗದ ಹರಿದು ಮುರಿಯಿತು. ಅಮೀನರು ಬೇರೆ ಮುಳ್ಳು ಕೊಟ್ಟರು.

ಸಂಜೆ ಕನಕಪ್ಪ ದವಾಖಾನೆಗೆ ಹೋದ. ಪಂಪಾವತಿ ಕಂಬಕ್ಕೆ ಒರಗಿ ಕುಳಿತಿದ್ದಳು. ಅಮರಪ್ಪ ದೂರದಲ್ಲಿ ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

"ನಿನ್ನ ಮ್ಯಾಲಿನ ಆರೋಪ ಹೋತವ್ವಾ. ಅಂವನ್ನ ಹಿಡದೀವಿ," ಅಂದ ಕನಕಪ್ಪ.

ಮೂರು ದಿನಗಳಲ್ಲಿ ಮೊದಲ ಸಲ ಅವಳು ಒಬ್ಬ ಗಂಡಸಿನ ಎದುರು ಬಾಯಿ ಬಿಟ್ಟಳು.

"ಅಂವಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ತನ್ನ ಮಗಳ ಡಬ್ಬಿಗೆ ಗುರ್ತಿಗಂತ ಕೆಂಪು ದಾರ ಕಟ್ಟಿದ್ದ."

ಪಂಪಾವತಿ ತನ್ನ ಕೈಗಳನ್ನು ನೋಡಿಕೊಂಡಳು. ಹಚ್ಚಿದ ಕೈಗಳು ಅವು.

"ನನ್ನ ಡಬ್ಬಿಗೂ ಒಂದು ದಾರ ಕಟ್ಟಿದ್ರ ಸಾಕಾಗಿತ್ತಲ್ರಿ ಯಪ್ಪಾ, ಕರೇದು. ನಾನು ಮುಟ್ಟತಿರಲಿಲ್ಲ."

ಕನಕಪ್ಪ ತಲೆಯ ಮೇಲಿನ ಪಗಡಿ ತೆಗೆದು ಅವಳ ಪಕ್ಕದ ಮೆಟ್ಟಿಲ ಮೇಲೆ ಕುಳಿತ.