ನಮ್ಮ ಮನೆಯವರ ಲಸಿಕೆ

"ಆ ಪೆಟ್ಟಿಗೆ ಕುಲುಕಿದ್ರೆ ನಿಮ್ಮ ಕೈ ಮುರೀತೀನಿ..."

ಅವರಿಬ್ಬರ ನಡುವಿನ ಮೊದಲ ಮಾತೇ ಇದು. ಆಡಿದವಳು ಲಸಿಕೆ ತಯಾರಿಸುವ ಲ್ಯಾಬಿನ ಮೇಡಂ. ಕೇಳಿಸಿಕೊಂಡವನು ಆಸ್ಪತ್ರೆ ವ್ಯಾನಿನ ಹೊಸ ಡ್ರೈವರ್. ಕೆಮ್ಮಿನ ಔಷಧಿಯಂತೆ ಇದನ್ನೂ ಕುಲುಕಿ ಕೊಡಬೇಕೆಂದುಕೊಂಡಿದ್ದ.

ಅವಳು ಕೂರಿಸಿ ತಿಳಿಹೇಳಿದಳು. ಐಸ್ ಪೆಟ್ಟಿಗೆಯ ಸೀಸೆಗಳಲ್ಲಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಹನಿಗಳು, ನ್ಯಾನೋ ಕಣಗಳು. ಒಂದೊಂದರ ಹೊಟ್ಟೆಯಲ್ಲೂ ಆಯಾ ರೋಗಿಯ ಗೆಡ್ಡೆಯದೇ ಗುರುತು. ಮೇದೋಜೀರಕದ ಕ್ಯಾನ್ಸರ್ ಮೈಯ ಕಾವಲುಗಾರರ ಎದುರಿಗೇ ನೆಂಟನಂತೆ ಓಡಾಡುತ್ತದೆ. ಈ ಲಸಿಕೆ ಅವರಿಗೆ ಕಳ್ಳನ ಫೋಟೊ ತೋರಿಸುತ್ತದೆ. ಕುಲುಕಿದರೆ ಹನಿಗಳು ಅಂಟಿಕೊಂಡು ಫೋಟೊ ಹಾಳು.

ಮರುದಿನದಿಂದ ಅವನು ಎಷ್ಟು ನಯವಾಗಿ ನಡೆದನೆಂದರೆ, ಪೆಟ್ಟಿಗೆಯ ಮೇಲೆ ಗುಬ್ಬಿಯೊಂದು ಕೂತು ಮೊಟ್ಟೆಯಿಟ್ಟಿತು. ಮರಿಯಾದದ್ದನ್ನು ಮಾತ್ರ ಯಾರೂ ನೋಡಿಲ್ಲ.

ಆ ನಡಿಗೆಗೇ ಅವಳು ಸೋತಳು.

ಮೂರನೇ ವಾರ ಅವನು ಹದಿನೇಳನೇ ನಂಬರಿನ ಸೀಸೆಯನ್ನು ತೋರಿಸಿದ. "ಇದು ನಮ್ಮ ಮನೆಯವರಿಗೆ ಮೇಡಂ. ಸ್ವಲ್ಪ ಚೆನ್ನಾಗಿ ನೋಡಿ ಮಾಡಿ."

ಸೀಸೆಯ ಮೇಲಿನ ನಂಬರನ್ನು ಅವಳು ಮತ್ತೊಮ್ಮೆ ಓದಿದಳು.

ಮದುವೆಯಾಗಿದೆ... ಹೆಂಡತಿಗೆ ಇಂಥ ಕಾಯಿಲೆ... ನಾನೇನು ಕನಸು ಕಾಣ್ತಿದ್ದೆ?

ಅಂದಿನಿಂದ ಅವನ ಮುಖ ನೋಡುವುದನ್ನೇ ಬಿಟ್ಟಳು. ಬೇರೆ ಊರಿನ ಲ್ಯಾಬಿಗೆ ವರ್ಗ ಕೇಳಿ ಅರ್ಜಿಯನ್ನೂ ಬರೆದಳು. ಆದರೆ ಉಳಿದ ಸೀಸೆಗಳನ್ನು ಎರಡು ಸಲ ಪರೀಕ್ಷಿಸಿದರೆ ಹದಿನೇಳನ್ನು ನಾಲ್ಕು ಸಲ ಪರೀಕ್ಷಿಸುತ್ತಿದ್ದಳು. ಅವನ ಮನೆಯವಳು ಉಳಿಯಬೇಕು. ಆಮೇಲೆ ಹೊರಟರಾಯಿತು.

ಐದನೇ ಡೋಸಿನ ಬೆಳಿಗ್ಗೆ ನಾಲ್ಕನೇ ಪರೀಕ್ಷೆಯಲ್ಲಿ ಹನಿಗಳು ದಪ್ಪಗಾಗಿರುವುದು ಕಂಡಿತು. ಇವತ್ತು ಹದಿನೇಳಕ್ಕೆ ಲಸಿಕೆ ಇಲ್ಲ, ಹೊಸದಾಗಿ ಮಾಡಲು ಎರಡು ದಿನ ಬೇಕು ಎಂದಳು.

ಅವನು ಖಾಲಿ ಪೆಟ್ಟಿಗೆಯ ಪಕ್ಕದಲ್ಲೇ ಕುಸಿದು ಕೂತ. "ಅಕ್ಕಂಗೆ ಏನಂತ ಹೇಳ್ಲಿ? ಬೆಳಿಗ್ಗೆನೇ ತಲೆ ಬಾಚ್ಕೊಂಡು ಆಸ್ಪತ್ರೇಲಿ ಕಾಯ್ತಿದಾಳೆ."

"ಅಕ್ಕನಾ? ಮನೆಯವರು ಅಂದ್ರಲ್ಲ..."

"ಮನೇಲಿರೋದೇ ನಾವಿಬ್ರು. ಸಾಕಿದೋಳು ಅವಳೇ. ಅವಳು ಮನೆಯವಳಲ್ದೆ ಪಕ್ಕದ ಮನೆಯವಳಾ?"

ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಎರಡು ತಿಂಗಳು ಇಲ್ಲದ ಸವತಿಗೆ ಲಸಿಕೆ ಮಾಡಿದ ದಡ್ಡಿ ತಾನು ಎಂದು ಅವನಿಗೆ ಹೇಳಿಯೇಬಿಟ್ಟಳು. ಹೇಳಿದ ಮೇಲಷ್ಟೇ ಏನು ಹೇಳಿದೆನೆಂದು ತಿಳಿದದ್ದು.

ಅವನು ಎದ್ದು ಖಾಲಿ ಪೆಟ್ಟಿಗೆಯ ಮುಚ್ಚಳವನ್ನು ಎರಡೆರಡು ಸಲ ಮುಚ್ಚಿದ. ಕಿವಿಗಳು ಕೆಂಪಾಗಿದ್ದವು.

ಎರಡನೇ ದಿನ ಸಂಜೆಗೆ ಹೊಸ ಸೀಸೆ ತಯಾರಾಯಿತು. ಹನಿಗಳೆಲ್ಲ ಒಂದೇ ಅಳತೆ. ಆಸ್ಪತ್ರೆಯಿಂದ ರಕ್ತಪರೀಕ್ಷೆಯ ಸುದ್ದಿಯೂ ಬಂದಿತ್ತು. ಅಕ್ಕನ ಕಾವಲುಗಾರರು ಕಳ್ಳನನ್ನು ಗುರುತಿಸತೊಡಗಿದ್ದರು. ಹಿಡಿದು ಕಟ್ಟಿಹಾಕುತ್ತಾರೋ ಇಲ್ಲವೋ, ಈಗಲೇ ಯಾರೂ ಹೇಳುವಂತಿರಲಿಲ್ಲ.

ಅವಳು ಅರ್ಜಿಯನ್ನು ಹರಿದು ಕಸದ ಬುಟ್ಟಿಗೆ ಹಾಕಿದಳು.

"ಪಕ್ಕದ ಸೀಟು ಖಾಲಿ ಇದೆ," ಎಂದ ಅವನು, ಗೋಡೆಗೆ ಹೇಳುವವನಂತೆ. "ಅಕ್ಕ ನಿಮ್ಮನ್ನ ನೋಡ್ಬೇಕಂತೆ."

"ಅಕ್ಕ ಮಾತ್ರನಾ?"

"ನಾನು ದಿನಾ ನೋಡ್ತೀನಲ್ಲ... ಸಾಕಾಗ್ತಿಲ್ಲ, ಅಷ್ಟೇ."

ಅವಳು ಕೋಟು ಬಿಚ್ಚಿದಳು. "ಎಷ್ಟು ಹೊತ್ತಿನ ದಾರಿ?"

"ಹೋಗೋಕೆ ಹತ್ತೇ ನಿಮಿಷ, ಐಸ್ ಕರಗಬಾರದಲ್ಲ. ಬರುವಾಗ ದಾರಿ ತಪ್ಪೋಣ ಅಂತ."

"ಊರಿನ ಸಂದಿಗೊಂದಿಯೆಲ್ಲ ಗೊತ್ತಿರೋರು ನೀವು."

"ಅದಕ್ಕೇ... ಸ್ವಲ್ಪ ಕಷ್ಟಪಟ್ಟು ತಪ್ಪಬೇಕು."