ಹಸಿರು ತೋರಿಸುವ ಪಟ್ಟಿ

ವಿಶಾಲಾಕ್ಷಿ ಬೆಳಗಿನ ತಿಂಡಿಗೆಂದು ಮಂಡಕ್ಕಿ ನೆನೆಸಿ, ಹಿಡಿಹಿಡಿಯಾಗಿ ಹಿಂಡಿ ಬುಟ್ಟಿಗೆ ಹಾಕುತ್ತಿದ್ದಳು. ಪಕ್ಕದಲ್ಲಿ ಕುಳಿತು ಓದುತ್ತಿದ್ದ ಮಗಳ ಮಣಿಕಟ್ಟಿನಲ್ಲಿ ಅರಿವುಪಟ್ಟಿ ಟಿಣ್ ಎಂದು ಹಸಿರಾಯಿತು. ಒಂಬತ್ತನೆಯ ತರಗತಿಯ ಇಂಚರ ಪುಟ ತಿರುಗಿಸಿದಳು.

ಏನು ಪಾಠವೆಂದು ತಾಯಿ ಕೇಳಿದಳು. ಗಣಕವಿಜ್ಞಾನದ ಆವರ್ತನೆ, ಒಂದೇ ಕೆಲಸವನ್ನು ಯಂತ್ರದಿಂದ ಮತ್ತೆ ಮತ್ತೆ ಮಾಡಿಸುವುದು, ಎಂದಳು ಮಗಳು.

"ಹಾಗಾದರೆ ಮಂಡಕ್ಕಿ ಹಿಂಡುವುದನ್ನು ಯಂತ್ರಕ್ಕೆ ಹೇಳಿಕೊಡು ನೋಡೋಣ."

ಇಂಚರ ಹೇಳಲು ಶುರುಮಾಡಿ ನಡುವೆಯೇ ನಿಲ್ಲಿಸಿದಳು. ಕಣ್ಣು ತುಂಬಿತು. "ಎರಡು ತಿಂಗಳಿಂದ ಗೊತ್ತಾಗಿಲ್ಲಮ್ಮಾ. ಪಟ್ಟಿ ಹಸಿರು ತೋರಿಸುವಾಗ ಕೇಳುವುದು ಹೇಗೆ?"

ವಿಶಾಲಾಕ್ಷಿಯ ಕೈ ನೀರಿನಲ್ಲೇ ಉಳಿಯಿತು. ಮಂಡಕ್ಕಿ ಮುದ್ದೆಯಾಯಿತು. ಅವಳು ಕೈ ಒರೆಸಿಕೊಂಡು ಮಗಳ ಪಟ್ಟಿ ಬಿಚ್ಚಿ ಸೆರಗಿಗೆ ಗಂಟುಹಾಕಿದಳು.

ಪಟ್ಟಿ ಬಂದು ಮೂರು ವರ್ಷವಾಗಿತ್ತು. ನಾಡಿಯ ಬಡಿತದಿಂದ ಅದು ಮಗುವಿಗೆ ಅರ್ಥವಾಯಿತೋ ಇಲ್ಲವೋ ಎಂದು ಅಳೆಯುತ್ತಿತ್ತು. ಎಲ್ಲರ ಪಟ್ಟಿ ಹಸಿರಾದರೆ ಪಾಠ ತಾನಾಗಿ ಮುಂದೆ ಸಾಗುತ್ತಿತ್ತು, ಕೆಂಪಾದರೆ ನಿಲ್ಲಬೇಕಿತ್ತು. ಕೈ ಎತ್ತಿ ಪ್ರಶ್ನೆ ಕೇಳುವ ಅಗತ್ಯವೇ ಇರಲಿಲ್ಲ. ಪಟ್ಟಿ ಕಟ್ಟದ ಮಗುವಿಗೆ ಗಣಕವಿಜ್ಞಾನದ ತರಗತಿಯಲ್ಲಿ ಜಾಗವೂ ಇರಲಿಲ್ಲ.

ಅಂದು ಪಟ್ಟಿಯನ್ನು ರೂಪಿಸಿದ ವಿಜ್ಞಾನಿ ಡಾ. ತಿಪ್ಪೇಸ್ವಾಮಿಯವರೇ ಶಾಲೆಗೆ ಬಂದಿದ್ದರು. ಬರಿಗೈಯ ಮಗಳೊಂದಿಗೆ ತರಗತಿಯ ಬಾಗಿಲಲ್ಲಿ ನಿಂತ ವಿಶಾಲಾಕ್ಷಿಗೆ ಅವರು ಸಮಾಧಾನವಾಗಿಯೇ ವಿವರಿಸಿದರು. ನೂರು ಶಾಲೆಗಳಲ್ಲಿ, ಮಕ್ಕಳು ಅರ್ಥವಾಯಿತೆಂದು ಹೇಳುವ ಕ್ಷಣದ ನಾಡಿಯನ್ನು ದಾಖಲಿಸಿ ಯಂತ್ರಕ್ಕೆ ಕಲಿಸಲಾಗಿದೆ. ತಪ್ಪುವ ಮಾತೇ ಇಲ್ಲ.

"ಮಕ್ಕಳು ಅದನ್ನು ಹೇಗೆ ಹೇಳಿದರು, ಸರ್? ಒಬ್ಬೊಬ್ಬರಾಗಿಯೋ, ಎಲ್ಲರೂ ಒಟ್ಟಿಗೋ?"

"ಒಟ್ಟಿಗೆ. ಶಿಕ್ಷಕರು 'ಅರ್ಥವಾಯಿತೇ' ಎಂದು ಕೇಳಿದಾಗ."

ವಿಶಾಲಾಕ್ಷಿಗೆ ನಗು ತಡೆಯಲಾಗಲಿಲ್ಲ. "ಹತ್ತು ವರ್ಷ ನಾನೂ ಹಾಗೆಯೇ ಎಲ್ಲರೊಂದಿಗೆ 'ಅರ್ಥವಾಯಿತು' ಎಂದು ರಾಗ ಎಳೆದಿದ್ದೇನೆ. ಒಂದು ದಿನವೂ ಅರ್ಥವಾಗಿರಲಿಲ್ಲ. ನೀವು ಓದಿದ್ದು ಬೇರೆ ದೇಶದ ಶಾಲೆಯಲ್ಲೇ?"

ವಿಜ್ಞಾನಿಯ ಕಿವಿ ಕೆಂಪಾಯಿತು. ಪಾಠ ಮಾಡುತ್ತಿದ್ದ ಫರ್ಹಾನಾ ಮೇಡಂ ಕಪ್ಪುಹಲಗೆಯ ಕಡೆ ತಿರುಗಿ ನಗು ನುಂಗಿಕೊಂಡರು. ನಿಯಮ ನಿಯಮವೇ, ಪಟ್ಟಿ ಕಟ್ಟದಿದ್ದರೆ ಹುಡುಗಿಯ ಹೆಸರು ಹೊಡೆದುಹಾಕಬೇಕಾಗುತ್ತದೆ ಎಂದು ತಿಪ್ಪೇಸ್ವಾಮಿಯವರು ಸಣ್ಣ ದನಿಯಲ್ಲಿ ಹೇಳಿದರು.

"ಹೊಡೆದುಹಾಕಿ. ಆದರೆ ಅವಳು ಒಂದು ಪ್ರಶ್ನೆ ಕೇಳಿದ ಮೇಲೆ," ಎಂದು ವಿಶಾಲಾಕ್ಷಿ ಹೊಸ್ತಿಲಲ್ಲೇ ಕುಳಿತುಬಿಟ್ಟಳು.

ಇಂಚರ ಬೆಂಚುಗಳ ನಡುವೆ ಹೋಗಿ ನಿಂತಳು. ಅವಳು ತಿರುಗಿ ನೋಡಿದಾಗ ತಾಯಿ ಹೇಳಿಕೊಡಲಿಲ್ಲ, ಅವಸರಪಡಿಸಲಿಲ್ಲ. ಮಡಿಲಲ್ಲಿ ಕೈಯಿಟ್ಟು ಕಾದಳು. ಗೆಳತಿಗೆ ಏನಾಗುವುದೋ ಎಂದು ತರಗತಿಯ ಎದೆಗಳೆಲ್ಲ ಡವಗುಟ್ಟಿದವು. ಒಂದೊಂದಾಗಿ ಮೂವತ್ತೊಂದು ಪಟ್ಟಿಗಳು ಕೆಂಪಾದವು. ಮೂರು ವರ್ಷದಲ್ಲಿ ಮೊದಲ ಬಾರಿಗೆ ಪಾಠ ನಿಂತಿತು.

"ಮೇಡಂ, ನನಗೆ ಅರ್ಥವಾಗಿಲ್ಲ. ಪಾತ್ರೆಯಲ್ಲಿ ಮಂಡಕ್ಕಿ ಮುಗಿಯಿತೆಂದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ?"