ಕಾಲರ್ ಕೆಳಗಿನ ನೀಲಿ

"ಈ ಪತ್ರ ಈ ಜೆರ್ಸಿಯದಲ್ಲ."

ವಸ್ತುಗಳ ಅಸಲಿ-ನಕಲಿ ಪರೀಕ್ಷಿಸುವ ಅವಳು ಹಾಗೆಂದದ್ದೇ ತಡ, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹರಾಜಿಗೆ ಬಂದ ವಸ್ತುಗಳನ್ನು ಗಿರಾಕಿಗಳು ಮೊದಲೇ ನೋಡಿಹೋಗುವ ಪ್ರದರ್ಶನದ ದಿನವದು. ಆಟಗಾರರ ಸಹಿ ಇರುವ ಬ್ಯಾಟು, ಚೆಂಡು, ಕೈಗವಸು ಎಂದರೆ ಜೀವ ಬಿಡುವವರೆಲ್ಲ ಅಲ್ಲಿ ನೆರೆದಿದ್ದರು.

ಮೇಜಿನ ಆಚೆ ನಿಂತಿದ್ದ ಎತ್ತರದ ಯುವಕ ಅವಳನ್ನೇ ದಿಟ್ಟಿಸಿದ. ಎಂಥ ಕಣ್ಣುಗಳು... ಆ ಹೊತ್ತಿನಲ್ಲೂ ಅವಳಿಗೆ ಹಾಗನ್ನಿಸಿದ್ದು ಸುಳ್ಳಲ್ಲ.

ಪಕ್ಕದ ಕುರ್ಚಿಯಲ್ಲಿ ಅವನ ತಂದೆ ಕೂತಿದ್ದರು. ಒಂದು ಕಾಲದಲ್ಲಿ ಫುಟ್‌ಬಾಲ್ ತಂಡದ ಆಟಗಾರರ ಕಾಲು ನೀವಿ ಮೈದಾನಕ್ಕೆ ಕಳಿಸುತ್ತಿದ್ದವರು. ತಂಡದ ನಾಯಕ ತನ್ನ ಕೊನೆಯ ಪಂದ್ಯ ಮುಗಿಸಿ ಬಂದವನೇ ತೊಟ್ಟಿದ್ದ ಜೆರ್ಸಿ ಬಿಚ್ಚಿ, ಸಹಿ ಹಾಕಿ, ಇವರ ಕೈಗೆ ಕೊಟ್ಟಿದ್ದನಂತೆ. ಅದು ಅಸಲಿ ಎಂದು ಆ ಕಾಲದಲ್ಲೇ ಮಾಡಿಸಿದ ದೃಢೀಕರಣ ಪತ್ರವೂ ಜೊತೆಗಿತ್ತು. ತಾನು ಹೋದ ಮೇಲೆ ಜೆರ್ಸಿ ಹಳೇ ಬಟ್ಟೆಯಾಗಿ ಮೂಲೆ ಸೇರಬಾರದು, ಬೆಲೆ ತಿಳಿದವರ ಮನೆಯಲ್ಲಿರಲಿ ಎಂದು ಈಗ ಮಾರಲು ತಂದಿದ್ದರು.

"ಯಾಕಲ್ಲ?" ಮಗ ಕೇಳಿದ.

"ಪತ್ರದಲ್ಲಿ ಕಡು ನೀಲಿ ಅಂತಿದೆ. ಇದು ಬೂದಿ ಬಣ್ಣ. ಆ ಕಾಲದ ಪತ್ರಗಳಲ್ಲಿ ಫೋಟೋ ಇಲ್ಲ, ನಂಬರ್ ಇಲ್ಲ. ಒಂದರ ಪತ್ರ ಇನ್ನೊಂದಕ್ಕೆ ಜೋಡಿಸಿ ಮಾರೋರನ್ನ ಬೇಕಾದಷ್ಟು ನೋಡಿದೀವಿ."

ಯಾರೋ ಕಿಸಕ್ಕನೆ ನಕ್ಕರು. ಮಗ ತಿರುಗಿ ತಂದೆಯ ಮುಖ ನೋಡಿದ, ಒಂದೇ ಒಂದು ಕ್ಷಣ. ಮುದುಕರು ಮೆಲ್ಲನೆ ಎದ್ದರು. "ನಡಿಯಪ್ಪ, ಹೋಗೋಣ" ಎಂದರು. ಜೆರ್ಸಿ ಮೇಜಿನ ಮೇಲೆಯೇ ಉಳಿಯಿತು.

ಅಂಗಡಿಯಲ್ಲಿ ಅವಳಿಗೆ ಭೂತಗನ್ನಡಿ ಎಂದೇ ಹೆಸರು. ಅವಳ ಕಣ್ಣು ತಪ್ಪಿಸಿ ಖೋಟಾ ಸಹಿಯೊಂದೂ ಆ ಬಾಗಿಲು ದಾಟದು ಎಂದು ಗಿರಾಕಿಗಳು ಹೊಗಳುತ್ತಿದ್ದರು. ಹೊಗಳಿಕೆ ತಲೆಗೇರಿತ್ತು, ಇನ್ನೇನು! ಹಳೆಯ ಪತ್ರ ಜೊತೆಗಿದ್ದರೆ ಒಳ್ಳೆಯ ಬೆಲೆ ಬರುತ್ತಿದ್ದ ಕಾಲ ಹೋಗಿ, ಅದು ಇಲ್ಲದಿದ್ದರೇ ವಾಸಿ ಅನ್ನುವ ಕಾಲ ಬಂದಿತ್ತು. ಅಂಥ ಪತ್ರ ಕಂಡೊಡನೆ ಅವಳ ಮನಸ್ಸು ಅರ್ಧ ತೀರ್ಮಾನ ಮಾಡಿಬಿಡುತ್ತಿತ್ತು.

ಸಂಜೆ ಜೆರ್ಸಿಯನ್ನು ಮಡಿಸಿಡುವಾಗ ಅದರ ಕಾಲರ್ ತಾನಾಗಿ ಮೇಲೆದ್ದಿತು. ಕೆಳಗೆ, ಬೆಳಕು ಸೋಕದ ಪಟ್ಟಿಯಲ್ಲಿ, ನೀಲಿ. ಕಡು ನೀಲಿ.

ಗೋಡೆಗೆ ತೂಗುಹಾಕಿದ ಬಟ್ಟೆ ಬಿಸಿಲಿಗೆ ಮಾಸುತ್ತದೆ. ಮೊದಲು ಕಾಲರ್ ಎತ್ತಿ ನೋಡಬೇಕು. ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಮೊದಲ ದಿನವೇ ಅದನ್ನು ಹೇಳಿಕೊಡುತ್ತಿದ್ದವಳು ಅವಳೇ. ಇಂದು ಪತ್ರ ನೋಡಿದಳು, ಬಟ್ಟೆ ನೋಡಲಿಲ್ಲ. ನಾಯಕನ ಇತರ ಸಹಿಗಳೊಡನೆ ಇದನ್ನು ಹೋಲಿಸಿದಳು. ಅದೂ ಅವನದೇ.

ಆ ಮುದುಕರು ಬೆನ್ನು ತಿರುಗಿಸಿ ನಡೆದ ರೀತಿ ನೆನಪಾಗಿ, ಭೂಮಿ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ವಿಷಯ ಕೇಳಿದ ಯಜಮಾನರು, ಸದ್ದಿಲ್ಲದೆ ಕೊರಿಯರ್ ಮಾಡಿಬಿಡು ಎಂದರು. ತಪ್ಪು ನಮ್ಮದೆಂದು ಒಪ್ಪಿಕೊಂಡರೆ ನಾಳೆ ನಮ್ಮ ಪತ್ರಗಳನ್ನು ಯಾರು ನಂಬುತ್ತಾರೆ ಎನ್ನುವುದು ಅವರ ಚಿಂತೆ. ಅವಳು ಹೂಂಗುಟ್ಟಿದಳು. ಮರುದಿನ ಜೆರ್ಸಿಯನ್ನು ಎದೆಗವಚಿಕೊಂಡು ತಾನೇ ಅವರ ಮನೆಗೆ ಹೋದಳು.

ಬಾಗಿಲು ತೆರೆದವನು ಮಗ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮುದುಕರು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದರು. ಅವಳು ತೊದಲುತ್ತ ಎಲ್ಲವನ್ನೂ ಹೇಳಿದಳು. ತಪ್ಪಾಯ್ತು, ಹೊಸ ಪತ್ರ ನಾನೇ ಮಾಡಿಕೊಡುತ್ತೇನೆ ಎಂದಳು.

ಅವರು ಸೋಸುವುದನ್ನು ಮುಗಿಸಿ ನಿಧಾನವಾಗಿ ಕೇಳಿದರು.

"ಸುಳ್ಳುಗಾರ ಅಂದಿದ್ದು ಅಷ್ಟು ಜನರ ಮುಂದೆ. ತಪ್ಪಾಯ್ತು ಅನ್ನೋದು ನಮ್ಮ ಅಡುಗೆಮನೆಯಲ್ಲಾ, ತಾಯಿ?"

ಅವಳು ಜೆರ್ಸಿಯನ್ನು ಅಲ್ಲೇ ಇಟ್ಟು ಹೊರಟಳು. ಬೀದಿಯವರೆಗೆ ಬಿಡಲು ಬಂದ ಮಗನಿಗೆ, ನೀವಾದರೂ ಬೈದುಬಿಡಿ ಎಂದಳು. ಅವನು ತಲೆ ತಗ್ಗಿಸಿ, "ಬೈಯೋ ಯೋಗ್ಯತೆ ನಂಗಿಲ್ಲ" ಎಂದು ಒಳಗೆ ಹೋಗಿಬಿಟ್ಟ.

ಮುಂದಿನ ಪ್ರದರ್ಶನದ ದಿನ ಎಲ್ಲರೆದುರು ಹೇಳುವುದೆಂದು ಅವಳು ನಿರ್ಧರಿಸಿದಳು. ಆದರೆ ಬರೀ ಬಾಯಿಮಾತು ಸಾಲದು. ಹೊಸ ಪತ್ರಕ್ಕೆ ಆ ಪಂದ್ಯದ ಹಳೆಯ ಫೋಟೋಗಳು ಬೇಕಿದ್ದವು. ಅವನ್ನು ಹುಡುಕಿ ತಂದವನು ಮಗನೇ. ಅವನು ಮಕ್ಕಳಿಗೆ ಈಜು ಕಲಿಸುತ್ತಿದ್ದ. ಮಕ್ಕಳು ಅವನನ್ನು ಮೀನು ಮೇಷ್ಟ್ರು ಎನ್ನುತ್ತಿದ್ದರು. ಪಾಠ ಮುಗಿದ ಮೇಲೆ ಕೊಳದ ಕಟ್ಟೆಯ ಮೇಲೆ ಕೂತು ಇಬ್ಬರೂ ಫೋಟೋಗಳನ್ನು ಹರಡಿಕೊಳ್ಳುತ್ತಿದ್ದರು. ನಾಯಕನ ತೋಳಿನ ಬಳಿಯ ವಕ್ರ ಹೊಲಿಗೆ ಫೋಟೋದಲ್ಲೂ ಜೆರ್ಸಿಯಲ್ಲೂ ಒಂದೇ ಎಂದು ಗೊತ್ತಾದ ದಿನ ಅವನು ಮೊದಲ ಬಾರಿ ನಕ್ಕ.

ಅವಳಿಗೆ ಆ ನಗು ಮನೆಗೆ ಹೋದ ಮೇಲೂ ಬಿಡಲಿಲ್ಲ.

'ತಂದೆಯ ಮಾನ ಕಳೆದು ಮಗನನ್ನೇ ಬಯಸ್ತಿದೀನಲ್ಲ... ಎಂಥವಳು ನಾನು!' ಖುಷಿಯಾದಾಗಲೆಲ್ಲ ಅದರ ಹಿಂದೆಯೇ ನಾಚಿಕೆ ಬಂದು ಕೆನ್ನೆ ಸುಡುತ್ತಿತ್ತು.

ಪ್ರದರ್ಶನದ ದಿನ ಬಂತು. ಮುದುಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕೂತರು. ಯಜಮಾನರು ಬೇಡವೆಂದು ಕಣ್ಸನ್ನೆ ಮಾಡುತ್ತಲೇ ಇದ್ದರು. ಅವಳು ಎಲ್ಲರೆದುರು ಬಂದು ನಿಂತಳು.

"ಹೋದ ಸಲ ಇವರು ತಂದ ಪತ್ರ ಈ ಜೆರ್ಸಿಯದಲ್ಲ ಅಂದಿದ್ದೆ. ಅದು ಇದರದ್ದೇ. ನಾನು ಸರಿಯಾಗಿ ನೋಡ್ಲಿಲ್ಲ. ಇವರು ಹೇಳಿದ್ದು ಒಂದೊಂದೂ ನಿಜ."

ಕಾಲರ್ ಎತ್ತಿ ಹಿಡಿದಳು. ಹಾಗಾದರೆ ನೀನು ಕೊಟ್ಟ ಬೇರೆ ಪತ್ರಗಳ ಗತಿಯೇನು ಎಂದು ಒಬ್ಬರು ಕುಟುಕಿದರು. ಅನುಮಾನವಿದ್ದರೆ ತನ್ನಿ, ಮತ್ತೆ ನೋಡುತ್ತೇನೆ ಎಂದಳು. ಗಿರಾಕಿಗಳು ಒಬ್ಬೊಬ್ಬರಾಗಿ ಮುದುಕರ ಸುತ್ತ ಸೇರಿದರು, ಆ ಕೊನೆಯ ಪಂದ್ಯದ ಕಥೆ ಕೇಳಿದರು. ಅವರು ಹೇಳುತ್ತಲೇ ಹೋದರು.

ಮಗ ಮಾತ್ರ ಅಲ್ಲಿರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು.

"ನೀವು ಒಪ್ಕೊಂಡ್ರಿ. ನಂಗೆ ಆಗ್ತಿಲ್ಲ" ಎಂದ ಅವನು. "ಆವತ್ತು ನೀವು ಹಾಗಂದ ತಕ್ಷಣ ಅಪ್ಪನ ಮುಖ ನೋಡಿದೆ. ಇಷ್ಟು ವರ್ಷ ಸುಳ್ಳು ಹೇಳಿದ್ರಾ ಅಂತ. ಅದನ್ನ ಅವರು ಕಂಡುಬಿಟ್ರು. ನೀವು ಹೊರಗಿನವರು. ನಾನು ಮಗ..."

ಅವಳತ್ತ ತಿರುಗಿ ಹೇಳಿದ, "ನೀವಂದ್ರೆ ನಂಗೆ ತುಂಬಾ ಇಷ್ಟ. ಅದನ್ನ ಹೇಳೋಕೂ ಮುಖ ಇಲ್ಲ."

"ನಂಗೂ ಇಷ್ಟ. ನಂಗೂ ಮುಖ ಇರ್ಲಿಲ್ಲ" ಎಂದಳು ಅವಳು. "ಮೊದಲು ಅವರ ಹತ್ರ ಮಾತಾಡಿ."

ಹಿಂದೆ ಬಾಗಿಲು ಸದ್ದಾಯಿತು. ಮುದುಕರು ಹೊರಬಂದಿದ್ದರು. ಮಗ ಎದ್ದು ನಿಂತ.

"ಅಪ್ಪಾ, ಆವತ್ತು ನಾನು..."

"ಗೊತ್ತು" ಎಂದರು ಅವರು. "ಆವತ್ತು ನಾನು ಎದ್ದು ಬಂದಿದ್ದು ಈ ಹುಡುಗಿ ಮಾತಿಗಲ್ಲ."

ಮಗ ಬಿಕ್ಕಿದ. ತಪ್ಪಾಯ್ತು ಎಂಬ ಮಾತು ಅರ್ಧಕ್ಕೇ ನಿಂತಿತು. ಮುದುಕರು ಒಂದು ಮೆಟ್ಟಿಲಿಳಿದು ಅವನ ಪಕ್ಕಕ್ಕೆ ಬಂದರು.

"ಮಂಡಿ ನೋಯ್ತಿದೆ. ಕೈ ಕೊಡು" ಎಂದರು.

ಅವನು ಕೈ ಕೊಟ್ಟ. ಅವರು ಅವಳತ್ತ ತಿರುಗಿ, "ಆ ಕಡೆ ನೀನು ಹಿಡ್ಕೋ, ತಾಯಿ" ಎಂದರು.

ಮೂವರೂ ಮೆಟ್ಟಿಲಿಳಿಯತೊಡಗಿದರು. ತಂದೆಯ ತಲೆಯ ಮೇಲಿಂದ ಅವನು ಮೆಲ್ಲನೆ ಕೇಳಿದ.

"ನಾಳೆ ಕೊಳದ ಹತ್ರ ಬರ್ತೀರಾ?"

"ಜೆರ್ಸಿ ಕೆಲಸ ಮುಗೀತಲ್ಲ?"

"ಮುಗೀತು. ಅದಕ್ಕೇ ಕೇಳ್ತಿದೀನಿ."

"ಬರ್ತೀನಿ" ಎಂದಳು.

"ಮೆಟ್ಟಿಲು ನೋಡ್ಕೊಂಡು ಇಳೀರಿ ಇಬ್ಬರೂ" ಎಂದರು ಮುದುಕರು, "ಬೀಳೋನು ನಾನು."